ಟೀ ಶರ್ಟ್ ಮೈಗೆ ಕೂರುತ್ತಿಲ್ಲವೇ? ಮೊದಲು ಲಕ್ಷಣ ನೋಡಿ, ಆಮೇಲೆ ಹೊಲಿಯಿರಿ

ಟೀ ಶರ್ಟ್ ದೊಗಲೆ ಅನ್ನಿಸಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಎರಡೂ ಪಕ್ಕ ಹಿಡಿದು ಉದ್ದಕ್ಕೆ ಒಂದು ಹೊಲಿಗೆ ಎಳೆಯುವುದು. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬಹಳ ಸಲ ಹೊಟ್ಟೆಯ ಹತ್ತಿರ ಬಿಗಿಯಾಗುತ್ತದೆ, ಕಂಕುಳಲ್ಲಿ ಸುಕ್ಕು ಸೇರುತ್ತದೆ, ಭುಜ ಮಾತ್ರ ಮೊದಲಿನ ಹಾಗೇ ಜೋತಿರುತ್ತದೆ. ತೊಂದರೆ ಇದ್ದದ್ದು ಒಂದು ಕಡೆ, ಹೊಲಿಗೆ ಬಿದ್ದದ್ದು ಇನ್ನೊಂದು ಕಡೆ.

ಟೀ ಶರ್ಟ್ ನಿಲ್ಲುವುದು ಭುಜದ ಮೇಲೆ. ಅಲ್ಲಿಂದ ಕೆಳಗಿನದೆಲ್ಲ ಇಳಿಬಿದ್ದ ಬಟ್ಟೆ ಅಷ್ಟೇ. ಭುಜ ಸರಿಯಾಗಿ ಕೂತಿದ್ದರೆ ಉಳಿದ ಹೆಚ್ಚುಕಡಿಮೆ ಎಲ್ಲವನ್ನೂ ಮನೆಯಲ್ಲೇ ಸರಿಮಾಡಬಹುದು. ಭುಜವೇ ತಪ್ಪಿದ್ದರೆ ಕೆಲಸ ದೊಡ್ಡದು ಎಂದು ಮೊದಲೇ ತಿಳಿದುಕೊಳ್ಳಿ. ಈ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡು ಕೆಳಗಿನ ಲಕ್ಷಣಗಳನ್ನು ನೋಡಿ. ನಿಮ್ಮ ಶರ್ಟಿಗೆ ಹೊಂದುವುದನ್ನು ಮಾತ್ರ ಮಾಡಿದರೆ ಸಾಕು.

ಕತ್ತರಿ ಎತ್ತಿಕೊಳ್ಳುವ ಮೊದಲು

ಹೊಸ ಶರ್ಟ್ ಆದರೆ ಮೊದಲು ಒಂದೆರಡು ಸಲ ಒಗೆದು ಒಣಗಿಸಿ. ಹತ್ತಿಯ ಟೀ ಶರ್ಟ್ ಮೊದಲ ಒಗೆತಗಳಲ್ಲಿ ನೂರಕ್ಕೆ 5ರಷ್ಟು ಕುಗ್ಗುವುದು ಸಾಮಾನ್ಯ. 28 ಇಂಚು ಉದ್ದದ ಶರ್ಟಿನಲ್ಲಿ ಅದು ಹತ್ತಿರ ಹತ್ತಿರ ಒಂದೂವರೆ ಇಂಚು. ಒಗೆಯದೆ ಕತ್ತರಿಸಿ ಹೊಲಿದರೆ ಇವತ್ತು ಸರಿಯಾಗಿದ್ದದ್ದು ಮುಂದಿನ ವಾರ ಗಿಡ್ಡವಾಗುತ್ತದೆ. ಖರ್ಚಿಲ್ಲದ ಪರೀಕ್ಷೆ ಇದು. ಎಷ್ಟೋ ಸಲ ಇದರಿಂದಲೇ ಹೊಲಿಗೆಯ ಅಗತ್ಯ ತಪ್ಪುತ್ತದೆ.

ಆಮೇಲೆ ಶರ್ಟ್ ಹಾಕಿಕೊಂಡು ಕನ್ನಡಿ ಮುಂದೆ ಸಹಜವಾಗಿ ನಿಲ್ಲಿ. ಎದೆ ಉಬ್ಬಿಸಬೇಡಿ, ಹೊಟ್ಟೆ ಒಳಗೆ ಎಳೆಯಬೇಡಿ. ಮೊದಲು ತೋಳು ಜೋಡಿಸಿದ ಹೊಲಿಗೆ ಎಲ್ಲಿ ಕೂತಿದೆ ನೋಡಿ. ಭುಜದ ಕೊನೆಯಲ್ಲಿ ಬೆರಳಿಗೆ ಸಿಗುವ ಗಟ್ಟಿ ಎಲುಬಿನ ಮೇಲೆ ಅಥವಾ ಅದಕ್ಕಿಂತ ಕಾಲು ಇಂಚು ಆಚೆಗೆ ಇದ್ದರೆ ಭುಜ ಸರಿ ಇದೆ. ನಂತರ ಸುಕ್ಕುಗಳನ್ನು ನೋಡಿ. ಉದ್ದುದ್ದ ಇಳಿಬಿದ್ದ ಮಡಿಕೆ ಇದ್ದರೆ ಬಟ್ಟೆ ಅಗಲದಲ್ಲಿ ಜಾಸ್ತಿ ಇದೆ ಎಂದರ್ಥ. ಅಡ್ಡಡ್ಡ ಬಿಗಿದ ಗೆರೆಗಳಿದ್ದರೆ ಆ ಜಾಗದಲ್ಲಿ ಬಟ್ಟೆ ಸಾಲುತ್ತಿಲ್ಲ. ಓರೆ ಗೆರೆಗಳಿದ್ದರೆ ಅದು ಎಲ್ಲಿಂದ ಹೊರಡುತ್ತದೆ ಅಂತ ಹುಡುಕಿ. ಗೆರೆಯ ಒಂದು ತುದಿ ಬೆರಳಿಟ್ಟು ತೋರಿಸಿದ ಹಾಗೆ ತಪ್ಪಿನ ಜಾಗವನ್ನೇ ತೋರಿಸುತ್ತದೆ.

ಕೊನೆಗೆ ಎರಡೂ ಕೈ ಎತ್ತಿ, ಮುಂದಕ್ಕೆ ಬಾಗಿ, ಕುರ್ಚಿಯಲ್ಲಿ ಕೂತು ನೋಡಿ. ಸುಮ್ನೆ ನಿಂತಾಗ ಚೆನ್ನಾಗಿ ಕಂಡ ಶರ್ಟ್ ಕೂತಾಗ ಕಾಟ ಕೊಡಬಹುದು.

ಸಾಮಾನು ಜಾಸ್ತಿ ಬೇಡ. ಅಳತೆ ಟೇಪು, ಬಳಪ, ಹತ್ತು ಹದಿನೈದು ಸೇಫ್ಟಿ ಪಿನ್, ಪಾಲಿಯೆಸ್ಟರ್ ದಾರ, ಹೊಲಿಗೆ ಬಿಚ್ಚುವ ರಿಪ್ಪರ್, ಚೂಪಾದ ಕತ್ತರಿ, ಸೂಜಿ. ಮೆಷಿನ್ ಇದ್ದರೆ ಬಾಲ್‌ಪಾಯಿಂಟ್ ಸೂಜಿ ತಂದುಕೊಳ್ಳಿ. ತೆಳು ಶರ್ಟಿಗೆ 11ನೇ ನಂಬರು, ಸಾಮಾನ್ಯ ಶರ್ಟಿಗೆ 12, ದಪ್ಪದ್ದಕ್ಕೆ 14. ಈ ಸೂಜಿಗೇ ಯಾಕೆ ಇಷ್ಟು ಒತ್ತು ಎಂಬುದು ಮುಂದೆ ಬರುತ್ತದೆ.

ಲಕ್ಷಣ: ಭುಜ ಸರಿ ಇದೆ, ಮೈ ಮಾತ್ರ ಅಗಲ

ಇದು ಎಲ್ಲಕ್ಕಿಂತ ಸುಲಭದ ದೋಷ. ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ಕೆಲಸ.

ಶರ್ಟನ್ನು ಒಳಮೇಲು ಮಾಡಿ ಹಾಕಿಕೊಳ್ಳಿ. ಎರಡೂ ಪಕ್ಕದಲ್ಲಿ ಹೆಚ್ಚಾದ ಬಟ್ಟೆಯನ್ನು ಚಿವುಟಿ ಹಿಡಿದು ಸೇಫ್ಟಿ ಪಿನ್ ಹಾಕಿ. ಇನ್ನೊಬ್ಬರು ಹಾಕಿಕೊಟ್ಟರೆ ಒಳ್ಳೆಯದು. ನಾವೇ ಹಾಕಿಕೊಳ್ಳುವಾಗ ಕೈ ಎತ್ತಬೇಕಾಗುತ್ತದೆ, ಆಗ ಶರ್ಟೂ ಮೇಲೆ ಹೋಗಿ ಅಳತೆ ತಪ್ಪುತ್ತದೆ. ಗುಂಡುಪಿನ್ ಬೇಡ. ಶರ್ಟ್ ಬಿಚ್ಚುವಾಗ ಮೈ ಗೀರುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ, ಇದನ್ನು ಮರೆತು ಕೆಟ್ಟ ಶರ್ಟುಗಳೇ ಜಾಸ್ತಿ. ಒಂದು ಪಕ್ಕದ ಹೊಲಿಗೆಯಿಂದ ಅರ್ಧ ಇಂಚು ಒಳಗೆ ಹಿಡಿದರೆ ಮುಂಭಾಗದಲ್ಲಿ ಅರ್ಧ, ಹಿಂಭಾಗದಲ್ಲಿ ಅರ್ಧ, ಒಟ್ಟು 1 ಇಂಚು ಹೋಗುತ್ತದೆ. ಎರಡೂ ಪಕ್ಕ ಸೇರಿ ಸುತ್ತಳತೆಯಲ್ಲಿ 2 ಇಂಚು ಕಡಿಮೆ. ಅಂದರೆ 4 ಇಂಚು ದೊಗಲೆ ಇದೆ ಎಂದು ಪಕ್ಕಕ್ಕೆ 2 ಇಂಚು ಹಿಡಿದರೆ 8 ಇಂಚು ಹೋಗಿಬಿಡುತ್ತದೆ! ಕಡಿಮೆ ಮಾಡಬೇಕಾದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ. ಬಂದದ್ದೇ ಒಂದು ಪಕ್ಕಕ್ಕೆ ಹಿಡಿಯಬೇಕಾದ ಅಳತೆ.

ನಿಮಗೆ ಚೆನ್ನಾಗಿ ಕೂರುವ ಇನ್ನೊಂದು ಟೀ ಶರ್ಟ್ ಮನೆಯಲ್ಲಿದ್ದರೆ ಕೆಲಸ ಇನ್ನೂ ಹಗುರ. ದೊಗಲೆ ಶರ್ಟನ್ನು ಒಳಮೇಲು ಮಾಡಿ ಮೇಜಿನ ಮೇಲೆ ಹರಡಿ. ಸರಿಯಾಗಿರುವುದನ್ನು ಅದರ ಮೇಲಿಟ್ಟು ಕುತ್ತಿಗೆ ಮತ್ತು ಭುಜ ಹೊಂದಿಸಿ, ಪಕ್ಕದ ಗೆರೆಯನ್ನು ಬಳಪದಲ್ಲಿ ಎಳೆಯಿರಿ. ಬಟ್ಟೆಯನ್ನು ಅಂಗೈಯಿಂದ ಸವರಬೇಕೇ ಹೊರತು ಎಳೆದು ಹಿಗ್ಗಿಸಬಾರದು. ಎರಡರ ಬಟ್ಟೆಯೂ ಒಂದೇ ಥರ ಹಿಗ್ಗುತ್ತದೆಯೇ ಅಂತಲೂ ನೋಡಿಕೊಳ್ಳಿ. ಲೈಕ್ರಾ (ರಬ್ಬರಿನ ಹಾಗೆ ಹಿಗ್ಗುವ ನೂಲು) ಇರುವ ಶರ್ಟಿನ ಅಳತೆಗೆ ಬರೀ ಹತ್ತಿಯ ಶರ್ಟನ್ನು ಹಿಡಿದರೆ ಉಸಿರುಗಟ್ಟುವಷ್ಟು ಬಿಗಿಯಾಗುತ್ತದೆ.

ಈಗ ಬಳಪದ ಗೆರೆಯ ಮೇಲೆ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ. ಬಟ್ಟೆಯ ಬಣ್ಣಕ್ಕೆ ಎದ್ದು ಕಾಣುವ ದಾರ ಇರಲಿ. ಕಪ್ಪು ಶರ್ಟಿಗೆ ಬಿಳಿ ದಾರ, ಅರ್ಧರ್ಧ ಇಂಚಿನ ಉದ್ದನೆ ಹೆಜ್ಜೆ. ಕಾಲು ಗಂಟೆಯ ಕೆಲಸ. ಹಾಕಿಕೊಂಡು ಕೂತು, ಎದ್ದು, ಕೈ ಎತ್ತಿ ನೋಡಿ. ಬಿಗಿಯಾದರೆ ದಾರ ಎಳೆದು ತೆಗೆದು ಇನ್ನೊಮ್ಮೆ ಹಾಕಬಹುದು. ನಾನು ಇಲ್ಲಿ ಅವಸರ ಮಾಡುವುದೇ ಇಲ್ಲ. ನನ್ನ ತಮ್ಮನ ಕಪ್ಪು ಟೀ ಶರ್ಟೊಂದಕ್ಕೆ ಮೂರು ಸಲ ಕಚ್ಚಾ ಹೊಲಿಗೆ ಬದಲಿಸಿದ್ದೆ. ಮೂರನೆಯದರಲ್ಲಿ ಬೆನ್ನಿನ ಮಡಿಕೆ ಹೋಗಿ, ಕೈ ಎತ್ತಿದರೂ ಸೊಂಟ ಕಾಣದ ಹಾಗೆ ಕೂತಿತು. ಆ ಶರ್ಟನ್ನು ಅವನು ಇನ್ನೂ ಹಾಕುತ್ತಾನೆ.

ಅಳತೆ ಒಪ್ಪಿತು ಅಂದ ಮೇಲೆ ಗಟ್ಟಿ ಹೊಲಿಗೆ. ಕಂಕುಳಿನಿಂದ ಸೊಂಟಕ್ಕೆ ಇಳಿಯುವ ಗೆರೆ ಉದ್ದಕ್ಕೂ ನಯವಾಗಿ ಬಾಗಿರಬೇಕು, ಎಲ್ಲೂ ಮೂಲೆ ಬರಬಾರದು. ಹೊಲಿದು ಮತ್ತೊಮ್ಮೆ ಹಾಕಿ ನೋಡಿದ ಮೇಲಷ್ಟೇ ಹೆಚ್ಚಾದ ಬಟ್ಟೆ ಕತ್ತರಿಸಿ. ಅಂಚಿಗೆ ಅರ್ಧ ಇಂಚಿನಷ್ಟು ಮಾರ್ಜಿನ್ ಬಿಡಿ. ಟೀ ಶರ್ಟಿನ ಬಟ್ಟೆ ನೇಯ್ದ ಬಟ್ಟೆಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಇಲ್ಲದಿದ್ದರೂ ನಡೆಯುತ್ತದೆ.

ಎದೆಯ ಮೇಲೆ ಚಿತ್ರ ಇದ್ದರೆ ಎರಡೂ ಪಕ್ಕ ಸಮನಾಗಿ ಹಿಡಿಯಲೇಬೇಕು. ಒಂದೇ ಪಕ್ಕ ಹಿಡಿದರೆ ಚಿತ್ರ ಒಂದು ಕಡೆ ಸರಿದು ಕಾಣುತ್ತದೆ.

ಲಕ್ಷಣ: ಕೈ ಎತ್ತಿದರೆ ಇಡೀ ಶರ್ಟ್ ಮೇಲೆ ಬರುತ್ತದೆ, ಕಂಕುಳಲ್ಲಿ ಬಟ್ಟೆ ಗುಡ್ಡೆ

ಮೊದಲು ಕಂಕುಳಿಗೂ ಶರ್ಟಿನ ಕಂಕುಳ ಹೊಲಿಗೆಗೂ ನಡುವೆ ಎಷ್ಟು ಅಂತರ ಇದೆ ನೋಡಿ. ಎರಡು ಬೆರಳಿನಷ್ಟಿದ್ದರೆ ಸರಿ. ಅಂಗೈ ಅಗಲ ಇದ್ದರೆ ತೋಳಿನ ಸುತ್ತು ತೀರ ಕೆಳಗಿದೆ. ಕೈ ಎತ್ತಿದಾಗ ತೋಳು ಪಕ್ಕದ ಬಟ್ಟೆಯನ್ನು ಹಿಡಿದು ಮೇಲೆ ಎಳೆಯುವುದು ಇದರಿಂದಲೇ. ಇಂಥ ಶರ್ಟಿನ ಪಕ್ಕ ಇನ್ನಷ್ಟು ಹಿಡಿದರೆ ತೊಂದರೆ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಸುಲಭದ ಪ್ರಯತ್ನ ಹೀಗಿದೆ. ಹೊಲಿಗೆಯನ್ನು ಕಂಕುಳಿನಿಂದ ಶುರುಮಾಡುವ ಬದಲು ತೋಳಿನ ಅಂಚಿನಿಂದಲೇ ಶುರುಮಾಡಿ. ತೋಳಿನ ಕೆಳಬದಿ, ಕಂಕುಳು, ಪಕ್ಕ ಎಲ್ಲವೂ ಒಂದೇ ಗೆರೆಯಾಗಿ ತಿರುಗಲಿ. ಕಂಕುಳ ತಿರುವಿನಲ್ಲಿ ಮಾರ್ಜಿನ್‌ಗೆ ಎರಡು ಮೂರು ಕಡೆ ಸಣ್ಣ ಕತ್ತರಿ ಗುರುತು ಕೊಡಿ, ಹೊಲಿಗೆಯ ದಾರ ಮಾತ್ರ ತಾಗಬಾರದು. ಇದರಿಂದ ತೋಳಿನ ದೊಗಲೆ ಮತ್ತು ಕಂಕುಳ ಗುಡ್ಡೆ ಬಹುಪಾಲು ಹೋಗುತ್ತದೆ.

ಕಂಕುಳಿನಿಂದ ಎದೆಯ ಕಡೆಗೆ ಬಿಗಿದ ಅಡ್ಡ ಗೆರೆಗಳು ಕಂಡರೆ ಕತೆ ಬೇರೆ. ಅಲ್ಲಿ ಬಟ್ಟೆ ಸಾಲುತ್ತಿಲ್ಲ. ಕೆಳಗೆ ಬಿಗಿ ಶರ್ಟಿನ ಭಾಗ ನೋಡಿ.

ಕುತ್ತಿಗೆಯ ಬುಡದಿಂದ ಕಂಕುಳಿಗೆ ಓರೆ ಗೆರೆಗಳು ಇಳಿದಿದ್ದರೆ ನಿಮ್ಮ ಭುಜದ ಇಳಿಜಾರು ಶರ್ಟಿನದಕ್ಕಿಂತ ಜಾಸ್ತಿ. ಪಕ್ಕಕ್ಕೆ ಕೈ ಹಾಕಬೇಡಿ. ಭುಜದ ತುದಿಯಲ್ಲಿ ಬಟ್ಟೆಯನ್ನು ಅರ್ಧ ಇಂಚು ಚಿವುಟಿ ಹಿಡಿದು ನೋಡಿ. ಗೆರೆ ಮಾಯವಾದರೆ ಅದೇ ಕಾರಣ. ತೋಳಿನ ಮೇಲ್ಭಾಗದ ಹೊಲಿಗೆಯನ್ನು ಮೂರು ನಾಲ್ಕು ಇಂಚು ಬಿಚ್ಚಿ, ಭುಜದ ಹೊಲಿಗೆಯನ್ನು ಕುತ್ತಿಗೆ ಕಡೆ ಸೊನ್ನೆಯಿಂದ ಶುರುಮಾಡಿ ತುದಿಯಲ್ಲಿ ಚಿವುಟಿದಷ್ಟು ಆಳಕ್ಕೆ ಒಯ್ದು, ತೋಳನ್ನು ಮತ್ತೆ ಜೋಡಿಸಬೇಕು. ಒಂದೆರಡು ಶರ್ಟ್ ಹೊಲಿದು ಕೈ ಪಳಗಿದ ಮೇಲೆ ಮಾಡುವ ಕೆಲಸ ಇದು.

ಲಕ್ಷಣ: ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿದೆ

ಮೊದಲ ಪ್ರಶ್ನೆ: ಆ ಶರ್ಟ್ ಹಾಗೇ ಇರಬೇಕೆಂದು ಮಾಡಿದ್ದಲ್ವಾ? ಓವರ್‌ಸೈಜ್ ಶರ್ಟುಗಳಲ್ಲಿ ಭುಜ ಬೇಕೆಂದೇ ಇಳಿದಿರುತ್ತದೆ. ಅದನ್ನು ಏರಿಸಲು ಹೋದರೆ ಇಡೀ ಶರ್ಟನ್ನೇ ಹೊಸದಾಗಿ ಕತ್ತರಿಸಬೇಕಾಗುತ್ತದೆ. ಬಿಟ್ಟುಬಿಡಿ.

ಮೊದಲು ಸರಿ ಇದ್ದು ಈಗ ಇಳಿದಿದ್ದರೆ ಭುಜದ ಹೊಲಿಗೆ ಹಿಗ್ಗಿದೆ. ಒದ್ದೆ ಶರ್ಟನ್ನು ಹ್ಯಾಂಗರಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಹೀಗಾಗುತ್ತದೆ. ಇದಕ್ಕೆ ಕತ್ತರಿ ಬೇಡ. ಭುಜದ ಹೊಲಿಗೆಯ ಉದ್ದಕ್ಕೆ ಒಳಗಿನಿಂದ ಕಾಲು ಇಂಚು ಅಗಲದ ಹಿಗ್ಗದ ಹತ್ತಿ ಪಟ್ಟಿ ಕೊಟ್ಟು ಕೈಯಲ್ಲಿ ಹೊಲಿಯಿರಿ. ಪಟ್ಟಿ ನಿಮಗೆ ಬೇಕಾದ ಭುಜದ ಉದ್ದಕ್ಕೆ ಇರಲಿ. ಹಿಗ್ಗಿದ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಕೂರಿಸುತ್ತಾ ಬನ್ನಿ. ಅರ್ಧ ಇಂಚಿನವರೆಗೆ ಹೀಗೆ ಎಳೆದುಕೊಳ್ಳಬಹುದು. ಮುಂದೆ ಶರ್ಟನ್ನು ಹಗ್ಗದ ಮೇಲೆ ಮಡಚಿ ಒಣಗಿಸಿ.

ಅರ್ಧದಿಂದ 1 ಇಂಚಿನವರೆಗೆ ಇಳಿದಿದ್ದರೆ ತೋಳು ಬಿಚ್ಚಬೇಕು. ಎರಡೂ ತೋಳಿಗೆ ಎಡ, ಬಲ, ಮುಂದೆ, ಹಿಂದೆ ಎಂದು ಬಳಪದಲ್ಲಿ ಬರೆದು ಇಟ್ಟುಕೊಳ್ಳಿ. ಬಿಚ್ಚಿದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಭುಜದ ಎಲುಬಿನ ಹತ್ತಿರ ಹೊಸ ಗುರುತು ಹಾಕಿ, ಅಲ್ಲಿಂದ ಕಂಕುಳ ಕಡೆಗೆ ಇಳಿಯುತ್ತಾ ಹಳೆಯ ಅಂಚಿಗೆ ಸೇರುವ ಬಾಗು ಗೆರೆ ಎಳೆಯಿರಿ. ಕತ್ತರಿಸುವಾಗ ಮಾರ್ಜಿನ್ ಸೇರಿಸಿಕೊಳ್ಳಿ. ಜೋಡಿಸುವಾಗ ಮೊದಲು ಭುಜದ ಹೊಲಿಗೆಗೆ ತೋಳಿನ ನಡು, ಆಮೇಲೆ ಕಂಕುಳಿಗೆ ಕಂಕುಳು ಪಿನ್ ಮಾಡಿ, ನಡುವಿನದನ್ನು ಹಂಚಿಕೊಳ್ಳಿ. ತೋಳೂ ಅಷ್ಟೇ ಮೇಲೆ ಸರಿಯುವುದರಿಂದ ಅದರ ಉದ್ದವನ್ನು ಕೊನೆಗೇ ಅಳೆಯಿರಿ.

1 ಇಂಚಿಗಿಂತ ಜಾಸ್ತಿ ಇಳಿದಿದ್ದರೆ ನಿಲ್ಲಿಸಿ. ತೋಳಿನ ಮೇಲ್ಭಾಗದ ಆಕಾರವೇ ಬದಲಾಗಬೇಕಾಗುತ್ತದೆ. ಅಚ್ಚುಮೆಚ್ಚಿನ ಶರ್ಟ್ ಆದರೆ ದರ್ಜಿಯ ಹತ್ತಿರ ಒಯ್ಯಿರಿ.

ಲಕ್ಷಣ: ಉದ್ದ ಜಾಸ್ತಿ

ಹಾಕಿಕೊಂಡು ಬೇಕಾದ ಉದ್ದಕ್ಕೆ ಪಿನ್ ಹಾಕಿ, ಅದರ ಕೆಳಗೆ 1 ಇಂಚು ಬಿಟ್ಟು ಕತ್ತರಿಸಿ. ಆ 1 ಇಂಚು ಒಳಗೆ ಮಡಚಲು. ಒಂದೇ ಮಡಿಕೆ ಸಾಕು, ಎರಡು ಮಡಿಕೆ ಹಾಕಿದರೆ ಅಂಚು ದಪ್ಪವಾಗಿ ಹೊರಕ್ಕೆ ನಿಲ್ಲುತ್ತದೆ. ತೋಳಿನ ಉದ್ದಕ್ಕೂ ಇದೇ ಕ್ರಮ.

ಹೊಲಿಯದೆ ಹಾಗೇ ಬಿಟ್ಟರೂ ತಪ್ಪಿಲ್ಲ. ಕತ್ತರಿಸಿದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಡ್ಡಕ್ಕೆ ಎಳೆದು ನೋಡಿ. ಅದು ತಾನಾಗಿಯೇ ಮೇಲ್ಮುಖವಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಸಾಮಾನ್ಯ ಟೀ ಶರ್ಟ್ ಬಟ್ಟೆಯ ಗುಣವೇ ಅದು. ಕೆಲವರಿಗೆ ಆ ಸುರುಳಿಯೇ ಇಷ್ಟ.

ಲಕ್ಷಣ: ಹೊಲಿದ ಅಂಚು ಅಲೆ ಅಲೆಯಾಗಿದೆ

ಅಳತೆಯೆಲ್ಲ ಸರಿ ಬಂದು, ಕೊನೆಗೆ ಕೆಳ ಅಂಚು ಸೊಪ್ಪಿನ ಎಲೆಯ ಹಾಗೆ ಮುರುಟಿಕೊಂಡರೆ ತುಂಬ ಬೇಜಾರಾಗುತ್ತದೆ. ಆದರೆ ಬಿಚ್ಚಲು ಅವಸರ ಮಾಡಬೇಡಿ.

ಮೊದಲು ಇಸ್ತ್ರಿ ಪೆಟ್ಟಿಗೆಯ ಹಬೆ ಕೊಟ್ಟು ನೋಡಿ. ಪೆಟ್ಟಿಗೆಯನ್ನು ಜಾರಿಸಬೇಡಿ, ಎತ್ತಿ ಎತ್ತಿ ಇಡಿ. ಜಾರಿಸಿದರೆ ಇನ್ನೂ ಹಿಗ್ಗುತ್ತದೆ. ಆರುವವರೆಗೆ ಕದಲಿಸದೆ ಬಿಡಿ. ಅಲೆ ಸಣ್ಣದಾಗಿದ್ದರೆ ಇಷ್ಟಕ್ಕೇ ಹೋಗುತ್ತದೆ. ಸಿಂಥೆಟಿಕ್ ಬಟ್ಟೆಗೆ ಕಡಿಮೆ ಶಾಖ ಇರಲಿ, ಚಿತ್ರದ ಮೇಲೆ ಪೆಟ್ಟಿಗೆ ನೇರವಾಗಿ ತಾಗದಿರಲಿ. ಹಬೆ ಕೈಗೆ ಬಡಿದರೆ ಕ್ಷಣದಲ್ಲಿ ಸುಡುತ್ತದೆ, ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಹಬೆ ಬಿಡಬೇಡಿ.

ಹೋಗದಿದ್ದರೆ ಹೊಲಿಯುವಾಗ ಬಟ್ಟೆ ಹಿಗ್ಗಿದೆ. ಕಾರಣ ಎರಡು ಕಡೆ ಇರಬಹುದು. ಒಂದು ನಿಮ್ಮ ಕೈ. ಹಿಂದಿನಿಂದ ಬಟ್ಟೆ ಎಳೆಯುತ್ತಿದ್ದೀರಾ? ಶರ್ಟಿನ ಉಳಿದ ಭಾಗ ಮೇಜಿನಿಂದ ಕೆಳಗೆ ಜೋತು ಭಾರ ಹಾಕುತ್ತಿದೆಯೇ? ಅದನ್ನು ಮಡಿಲಲ್ಲಿ ಎತ್ತಿಟ್ಟುಕೊಳ್ಳಿ. ಇನ್ನೊಂದು ಮೆಷಿನ್‌ನ ಪ್ರೆಸರ್ ಫುಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ. ಅದು ಮೇಲಿನ ಪದರವನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಒತ್ತಡ ಕಡಿಮೆ ಮಾಡುವ ತಿರುಗಣೆ ಇದ್ದರೆ ಸಡಿಲಿಸಿ. ಹೊಲಿಗೆಯ ಹೆಜ್ಜೆಯನ್ನು 3 ಮಿ.ಮೀ.ಗೆ ಏರಿಸಿ. ಇಷ್ಟಾದರೂ ಅಲೆ ಬಂದರೆ ಬಟ್ಟೆಯ ಅಡಿಗೆ ತೆಳು ಕಾಗದದ ಪಟ್ಟಿ ಇಟ್ಟು ಎರಡನ್ನೂ ಸೇರಿಸಿ ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಿರಿ. ಪ್ರತಿ ಬದಲಾವಣೆಯನ್ನೂ ಕತ್ತರಿಸಿ ಉಳಿದ ತುಂಡಿನ ಮೇಲೆ ಮೊದಲು ಪರೀಕ್ಷಿಸಿ. ಆ ತುಂಡನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಅದೇ ಬಟ್ಟೆ ಇನ್ನೆಲ್ಲೂ ಸಿಗುವುದಿಲ್ಲ.

ಲಕ್ಷಣ: ಹಾಕಿಕೊಳ್ಳುವಾಗ ದಾರ ಟಪ್ ಟಪ್ ಎಂದು ಕಡಿಯುತ್ತದೆ

ನಾನು ಮೊದಲ ಬಾರಿ ಪಕ್ಕ ಹಿಡಿದ ನೀಲಿ ಶರ್ಟಿನಲ್ಲಿ ಈ ಸದ್ದು ಕೇಳಿದ್ದೆ. ಹೊಲಿಗೆ ನೋಡಲು ನೇರವಾಗಿ, ಅಂದವಾಗಿತ್ತು. ತಲೆಯ ಮೇಲಿಂದ ತೆಗೆಯುವಾಗ ಒಂದಾದ ಮೇಲೊಂದು ಟಪ್, ಟಪ್. ಒಳಗೆ ನೋಡಿದರೆ ಎರಡು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಬಟ್ಟೆಗೆ ಏನೂ ಆಗಿರಲಿಲ್ಲ, ಕಡಿದದ್ದು ದಾರ ಮಾತ್ರ.

ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಸ್ವೆಟರಿನ ಹಾಗೆಯೇ ಸಣ್ಣ ಸಣ್ಣ ಕುಣಿಕೆಗಳ ಸಾಲು. ಎಳೆದಾಗ ಕುಣಿಕೆ ಉದ್ದವಾಗುತ್ತದೆ, ಬಿಟ್ಟಾಗ ದುಂಡಗಾಗುತ್ತದೆ. ನೇರ ಹೊಲಿಗೆಯ ದಾರಕ್ಕೆ ಆ ಅವಕಾಶ ಇಲ್ಲ. ಬಟ್ಟೆ ಹಿಗ್ಗಿದಾಗ ಅದು ಕಡಿಯುತ್ತದೆ.

ಮೊದಲು ದಾರ ನೋಡಿ. ಹತ್ತಿ ದಾರವಾದರೆ ಪಾಲಿಯೆಸ್ಟರ್‌ಗೆ ಬದಲಿಸಿ. ನಂತರ ಹೊಲಿಗೆ. ಮೆಷಿನ್‌ನಲ್ಲಿ ಜಿಗ್‌ಜಾಗ್ ಇದ್ದರೆ ಅಗಲ ಅರ್ಧದಿಂದ 1 ಮಿ.ಮೀ., ಉದ್ದ 2.5 ಮಿ.ಮೀ. ಇಡಿ. ದೂರಕ್ಕೆ ನೇರ ಹೊಲಿಗೆಯ ಹಾಗೇ ಕಾಣುತ್ತದೆ, ಆದರೆ ಬಟ್ಟೆಯ ಜೊತೆ ಹಿಗ್ಗುತ್ತದೆ. ಕೆಳ ಅಂಚಿಗೆ ಅಂಗಡಿ ಶರ್ಟಿನ ಹಾಗೆ ಎರಡು ಸಾಲು ಬೇಕೆಂದರೆ ಅವಳಿ ಸೂಜಿ ಬಳಸಬಹುದು. ಆದರೆ ನೇರ ಹೊಲಿಗೆ ಮಾತ್ರ ಬರುವ ಮೆಷಿನ್‌ಗೆ ಅವಳಿ ಸೂಜಿ ಹಾಕಲೇಬೇಡಿ. ಅದರ ಸೂಜಿ ಇಳಿಯುವ ತಟ್ಟೆಯಲ್ಲಿ ಒಂದೇ ಸಣ್ಣ ತೂತು ಇರುತ್ತದೆ, ಎರಡನೇ ಸೂಜಿ ಲೋಹಕ್ಕೆ ಬಡಿದು ಮುರಿದು ಸಿಡಿಯುತ್ತದೆ. ಜಿಗ್‌ಜಾಗ್ ಮೆಷಿನ್‌ನಲ್ಲೂ ಮೊದಲ ಕೆಲವು ಹೆಜ್ಜೆಗಳನ್ನು ಚಕ್ರ ಕೈಯಲ್ಲಿ ತಿರುಗಿಸಿ, ಸೂಜಿ ಎಲ್ಲೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಬರೀ ನೇರ ಹೊಲಿಗೆಯ ಮೆಷಿನ್ ಇದ್ದರೆ? ಪಕ್ಕದ ಹೊಲಿಗೆ ಹಾಕುವಾಗ ಮುಂದೆ ಹಿಂದೆ ಎರಡೂ ಕಡೆಯಿಂದ ಬಟ್ಟೆಯನ್ನು ಲಘುವಾಗಿ ಬಿಗಿ ಹಿಡಿದು, ಸಣ್ಣ ಹೆಜ್ಜೆಯಲ್ಲಿ ಹೊಲಿಯಿರಿ. ಬಿಟ್ಟಾಗ ಹೊಲಿಗೆಯಲ್ಲಿ ಸ್ವಲ್ಪ ಸಡಿಲ ಉಳಿಯುತ್ತದೆ. ಕೆಳ ಅಂಚಿಗೆ ಈ ಉಪಾಯ ಬೇಡ, ಅಲೆ ಬರುತ್ತದೆ.

ಮೆಷಿನ್ ಇಲ್ಲದವರು ಹಿಂದಾಗಬೇಕಿಲ್ಲ. ಪ್ರತಿ ಹೆಜ್ಜೆಗೂ ಅರ್ಧ ಹೆಜ್ಜೆ ಹಿಂದೆ ಹೋಗಿ ಮುಂದೆ ಬರುವ ಹಿಂಹೊಲಿಗೆಯನ್ನು 2–3 ಮಿ.ಮೀ. ಅಳತೆಯಲ್ಲಿ ಹಾಕಿ. ಎರಡು ಮೂರು ಇಂಚಿಗೊಮ್ಮೆ ನಿಲ್ಲಿಸಿ ಹೊಲಿದ ಜಾಗವನ್ನು ಎಳೆದು ನೋಡಿ, ದಾರಕ್ಕೆ ಬೇಕಾದಷ್ಟು ಸಡಿಲ ಸಿಗುತ್ತದೆ. ನಿಧಾನದ ಕೆಲಸ, ಆದರೆ ನನ್ನ ಅನುಭವದಲ್ಲಿ ಬಹಳ ಬಾಳಿಕೆ ಬರುತ್ತದೆ.

ಲಕ್ಷಣ: ನಡುನಡುವೆ ಹೊಲಿಗೆ ಬಿದ್ದಿಲ್ಲ, ಅಥವಾ ಹೊಲಿಗೆಯ ಪಕ್ಕ ಸಣ್ಣ ತೂತುಗಳು

ಎರಡಕ್ಕೂ ಮೊದಲ ಅನುಮಾನ ಸೂಜಿಯ ಮೇಲೆ. ಚೂಪು ತುದಿಯ ಸೂಜಿ ಕುಣಿಕೆಯ ನೂಲನ್ನೇ ಚುಚ್ಚಿ ಕತ್ತರಿಸುತ್ತದೆ. ಆ ತೂತು ಒಗೆದಾಗ ದೊಡ್ಡದಾಗಿ ಏಣಿಯ ಹಾಗೆ ಇಳಿಯುತ್ತದೆ. ಬಾಲ್‌ಪಾಯಿಂಟ್ ಸೂಜಿಯ ತುದಿ ಸ್ವಲ್ಪ ದುಂಡಗಿರುತ್ತದೆ, ನೂಲನ್ನು ಸರಿಸಿ ನಡುವೆ ಇಳಿಯುತ್ತದೆ. ಈ ಬದಲಾವಣೆಯಿಂದಲೇ ಹೆಚ್ಚಿನ ದೂರು ಮುಗಿಯುತ್ತದೆ. ಲೈಕ್ರಾ ಜಾಸ್ತಿ ಇರುವ ಕ್ರೀಡಾ ಶರ್ಟಿಗೆ ಸ್ಟ್ರೆಚ್ ಸೂಜಿ ಬೇಕು.

ಹಿಂಬದಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಜೋತಿದ್ದರೆ ಬಾಬಿನ್ ಅನ್ನು (ಕೆಳಗಿನ ದಾರದ ಉರುಳೆ) ದೂರಬೇಡಿ. ಹೆಚ್ಚಾಗಿ ಮೇಲಿನ ದಾರ ಸರಿಯಾಗಿ ಕೂತಿರುವುದಿಲ್ಲ. ಪ್ರೆಸರ್ ಫುಟ್ ಎತ್ತಿ, ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಹೊಲಿಗೆ ಶುರುವಿನಲ್ಲೇ ಬಟ್ಟೆ ತಟ್ಟೆಯೊಳಗೆ ನುಂಗಿಹೋದರೆ ಎಳೆಯಬೇಡಿ. ಮೆಷಿನ್ ಆಫ್ ಮಾಡಿ, ಚಕ್ರ ತಿರುಗಿಸಿ ಸೂಜಿ ಎತ್ತಿ, ದಾರ ಕತ್ತರಿಸಿ ಬಿಡಿಸಿ. ಮುಂದಿನ ಸಲ ಅಂಚಿನಿಂದ ಕಾಲು ಇಂಚು ಒಳಗೆ ಶುರುಮಾಡಿ, ದಾರದ ಎರಡೂ ತುದಿ ಹಿಂದಕ್ಕೆ ಹಿಡಿದುಕೊಳ್ಳಿ.

ಸೂಜಿ ಬದಲಿಸುವಾಗ ಮೆಷಿನ್ ಆಫ್ ಇರಲಿ, ಪೆಡಲ್ ಮೇಲೆ ಕಾಲು ಇರದಿರಲಿ. ಪಿನ್‌ಗಳ ಮೇಲೆ ಹೊಲಿಗೆ ಓಡಿಸಬೇಡಿ. ಸೂಜಿ ಮುರಿದರೆ ಎಲ್ಲ ತುಂಡೂ ಸಿಕ್ಕಿದವೇ ಎಂದು ಜೋಡಿಸಿ ನೋಡಿದ ಮೇಲಷ್ಟೇ ಕೆಲಸ ಮುಂದುವರಿಸಿ. ಮಕ್ಕಳ ಶರ್ಟ್ ಆದರೆ ಹಾಕಿದ ಪಿನ್‌ಗಳನ್ನು ಎಣಿಸಿ ಬರೆದಿಡಿ, ಅಷ್ಟೂ ಡಬ್ಬಿಗೆ ವಾಪಸ್ ಬರಬೇಕು.

ಲಕ್ಷಣ: ಕುತ್ತಿಗೆ ಜೋತಿದೆ, ಅಥವಾ ಕತ್ತು ಹಿಡಿಯುತ್ತದೆ

ಜೋತ ಕುತ್ತಿಗೆಗೆ ಮೊದಲು ಬಿಸಿ ನೀರಲ್ಲಿ ಅದ್ದಿ, ಹಿಂಡದೆ ಒತ್ತಿ, ಅಂಗೈಯಲ್ಲಿ ಒಳಗೆ ಒತ್ತರಿಸಿ ಮಟ್ಟಸವಾಗಿ ಒಣಗಿಸಿ. ಕುತ್ತಿಗೆಯ ಪಟ್ಟಿಯಲ್ಲಿ ಇನ್ನೂ ಜೀವ ಇದ್ದರೆ ಸ್ವಲ್ಪ ಹಿಂತಿರುಗುತ್ತದೆ. ಸಾಲದಿದ್ದರೆ ಪಟ್ಟಿಯ ಒಳಬದಿಯಲ್ಲಿ ತೆಳು ಎಲಾಸ್ಟಿಕ್ ದಾರದಿಂದ ಸಣ್ಣ ಓಡು ಹೊಲಿಗೆ ಹಾಕಿ ಮೆಲ್ಲಗೆ ಬಿಗಿಮಾಡಿ. ತಲೆ ತೂರುತ್ತದೆಯೇ ಎಂದು ನೋಡಿ ಗಂಟು ಹಾಕಿ.

ಪೂರ್ತಿ ಸರಿಯಾಗಬೇಕೆಂದರೆ ಪಟ್ಟಿ ಬಿಚ್ಚಿ ಗಿಡ್ಡ ಮಾಡಿ ಮತ್ತೆ ಹಚ್ಚಬೇಕು. ಪಟ್ಟಿಯ ಉದ್ದ ಕುತ್ತಿಗೆ ಸುತ್ತಳತೆಯ ನೂರಕ್ಕೆ 80ರಿಂದ 85ರಷ್ಟು ಇರಲಿ, ಅಂದರೆ 20 ಇಂಚಿನ ಕುತ್ತಿಗೆಗೆ 16–17 ಇಂಚು. ಪಟ್ಟಿಯನ್ನೂ ಕುತ್ತಿಗೆಯನ್ನೂ ನಾಲ್ಕು ಸಮಭಾಗ ಮಾಡಿ, ಗುರುತಿಗೆ ಗುರುತು ಸೇರಿಸಿ, ಪಟ್ಟಿಯನ್ನು ಮಾತ್ರ ಎಳೆಯುತ್ತಾ ಹೊಲಿಯಿರಿ. ಗಿಡ್ಡ ಪಟ್ಟಿಯೇ ಕುತ್ತಿಗೆಯನ್ನು ಒಳಕ್ಕೆ ಎಳೆದು ಕೂರಿಸುವುದು.

ಬಿಗಿ ಕುತ್ತಿಗೆಗೆ ಪಟ್ಟಿ ಕತ್ತರಿಸಿ ತೆಗೆದರೆ ಸಾಕಾಗುತ್ತದೆ. ಅಂದುಕೊಂಡದ್ದಕ್ಕಿಂತ ಕಡಿಮೆ ಕತ್ತರಿಸಿ, ಅಂಚು ಸುರುಳಿಯಾಗಿ ಇನ್ನೂ ಅಗಲವಾಗುತ್ತದೆ. ಚಿಕ್ಕ ಮಕ್ಕಳ ಶರ್ಟಿನ ಕುತ್ತಿಗೆಗೆ ಎಳೆದು ಕಟ್ಟುವ ದಾರ ಹಾಕಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುವ ಅಪಾಯ ಇದೆ.

ಲಕ್ಷಣ: ಶರ್ಟ್ ಬಿಗಿ

ಇರುವ ಬಟ್ಟೆಯನ್ನು ಹಿಡಿಯಬಹುದು, ಇಲ್ಲದ್ದನ್ನು ತರಬೇಕು. ಪಕ್ಕದ ಮಾರ್ಜಿನ್ ಬಿಚ್ಚಿದರೆ ಸಿಗುವುದು ಅಲ್ಪಸ್ವಲ್ಪ, ಅದಕ್ಕಾಗಿ ಶ್ರಮ ಬೇಡ. ಸೊಂಟದ ಹತ್ತಿರ ಮಾತ್ರ ಬಿಗಿ ಇದ್ದರೆ ಪಕ್ಕದ ಹೊಲಿಗೆಯನ್ನು ಕೆಳಗಿನಿಂದ 3–4 ಇಂಚು ಬಿಚ್ಚಿ, ಅಂಚು ಒಳಗೆ ಮಡಚಿ ಹೊಲಿದು ಸೀಳು ಮಾಡಿ. ಸೀಳಿನ ತುದಿಯಲ್ಲಿ ನಾಲ್ಕು ಹೆಜ್ಜೆ ಗಟ್ಟಿಯಾಗಿ ಹಾಕಿ, ಇಲ್ಲದಿದ್ದರೆ ಅಲ್ಲಿಂದ ಬಿಡುತ್ತದೆ.

ಮೈಯೆಲ್ಲ ಬಿಗಿ ಇದ್ದರೆ ಹಳೆಯ ಶರ್ಟಿನ ಪಟ್ಟಿಯನ್ನು ಎರಡೂ ಪಕ್ಕ, ಕಂಕುಳಿನಿಂದ ಅಂಚಿನವರೆಗೆ ಸೇರಿಸಿ. ಹೊಲಿದ ಮೇಲೆ 2 ಇಂಚು ಕಾಣುವ ಪಟ್ಟಿ ಸುತ್ತಳತೆಗೆ 4 ಇಂಚು ಕೊಡುತ್ತದೆ. ಪಟ್ಟಿಯ ಬಟ್ಟೆ ಅಡ್ಡಕ್ಕೆ ಹಿಗ್ಗುವ ಹಾಗೆ ಕತ್ತರಿಸಿಕೊಳ್ಳಿ. ಬೇರೆ ಬಣ್ಣದ ಪಟ್ಟಿ ಹಾಕಿದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ, ಹತ್ತಿರದ ಬಣ್ಣಕ್ಕಿಂತ ಅದೇ ಮೇಲು.

ಲಕ್ಷಣ: ಪಕ್ಕದ ಹೊಲಿಗೆ ತಿರುಚಿ ಹೊಟ್ಟೆಯ ಮೇಲೆ ಬಂದಿದೆ

ಒಗೆದ ಮೇಲೆ ಹೀಗಾದರೆ ಅದು ನೂಲಿನ ತಿರುಚು. ನೂಲು ನೂಲುವಾಗ ಹೊಕ್ಕ ತಿರುವು ಒಗೆತದಲ್ಲಿ ಸಡಿಲಗೊಂಡು ಕುಣಿಕೆಗಳನ್ನು ಓರೆ ಮಾಡುತ್ತದೆ. ಒದ್ದೆ ಇರುವಾಗ ಎಳೆದು ನೆಟ್ಟಗೆ ಮಾಡಿದರೆ ಒಣಗಿದಾಗ ಸರಿ ಕಾಣುತ್ತದೆ, ಮುಂದಿನ ಒಗೆತಕ್ಕೆ ಮತ್ತೆ ತಿರುಗುತ್ತದೆ. ಪಕ್ಕ ಬಿಚ್ಚಿ ಹೊಲಿದರೂ ಬಟ್ಟೆಯ ಓರೆ ಉಳಿದೇ ಇರುತ್ತದೆ. ಇದಕ್ಕೆ ಸಮಯ ಹಾಕಬೇಡಿ.

ಯಾವಾಗ ಕೈ ತೆಗೆಯಬೇಕು

ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಅಲ್ಲಲ್ಲಿ ಜಾಳು ಕಂಡರೆ ಹೊಲಿಗೆ ನಿಲ್ಲುವುದಿಲ್ಲ. ಹೊಲಿಗೆಯ ಗೆರೆ ದಪ್ಪ ರಬ್ಬರ್ ಚಿತ್ರದ ಮೇಲೆ ಹಾಯುವುದಾದರೆ ಬೇಡ, ಸೂಜಿಯ ತೂತು ಅಲ್ಲಿ ಶಾಶ್ವತ. ಒಂದೇ ಜಾಗವನ್ನು ಮೂರು ಸಲಕ್ಕಿಂತ ಹೆಚ್ಚು ಬಿಚ್ಚಿ ಹೊಲಿದಿದ್ದರೆ ಅವತ್ತಿಗೆ ಎತ್ತಿಡಿ, ಬಟ್ಟೆ ದಣಿದು ಹಿಗ್ಗಿರುತ್ತದೆ. ಶರ್ಟ್ ಸದಾ ಹಿಂದಕ್ಕೆ ಜಾರಿ ಮುಂದಿನ ಕುತ್ತಿಗೆ ಗಂಟಲಿಗೆ ಒತ್ತುತ್ತಿದ್ದರೆ ಭುಜದ ಹೊಲಿಗೆಯನ್ನೇ ಮುಂದಕ್ಕೆ ಸರಿಸಬೇಕು. ಅದು ಒಳ್ಳೆಯ ದರ್ಜಿಯ ಕೆಲಸ. ಒಯ್ಯುವಾಗ ಶರ್ಟ್ ಒಗೆದಿರಲಿ, ಕಚ್ಚಾ ಹೊಲಿಗೆ ಮತ್ತು ಬಳಪದ ಗುರುತು ಹಾಗೇ ಇರಲಿ. ಅಂಗಡಿಯಲ್ಲೇ ಒಮ್ಮೆ ಹಾಕಿ ತೋರಿಸಿ. ಎಲ್ಲಿ ಎಳೆಯುತ್ತದೆ ಎಂಬುದು ಅವರ ಕಣ್ಣಿಗೆ ಆಗಲೇ ಬೀಳುತ್ತದೆ.